ಬೆಳಕಿನ ಜಮಾ-ಖರ್ಚು: ಆಪ್ಟಿಕಲ್ ಟ್ರಾನ್ಸೀವರ್ ಕೊಳ್ಳುವ ಮುನ್ನ

ಕಚೇರಿ, ಗೋದಾಮುಗಳ ಕಂಪ್ಯೂಟರುಗಳನ್ನು ಆಪ್ಟಿಕಲ್ ಫೈಬರ್ ಮೂಲಕ ಜೋಡಿಸುವಾಗ, ಸ್ವಿಚ್‌ನ ವಿದ್ಯುತ್ ಸಂಕೇತವನ್ನು ಬೆಳಕಾಗಿಯೂ, ಬಂದ ಬೆಳಕನ್ನು ಮರಳಿ ವಿದ್ಯುತ್ ಸಂಕೇತವಾಗಿಯೂ ಪರಿವರ್ತಿಸುವ ಬೆರಳುದ್ದದ ಸಾಧನವೇ ಟ್ರಾನ್ಸೀವರ್ ಮಾಡ್ಯೂಲ್. ಎಸ್‌ಎಫ್‌ಪಿ ಮಾದರಿಯ ವೇಗ ಸೆಕೆಂಡಿಗೆ 1 ಗಿಗಾಬಿಟ್. ಎಸ್‌ಎಫ್‌ಪಿ ಪ್ಲಸ್‌ನದು 10 ಗಿಗಾಬಿಟ್.

ವೇಗದಷ್ಟೇ ದೂರವೂ ಮುಖ್ಯ. 10 ಗಿಗಾಬಿಟ್‌ನ ‘ಎಸ್‌ಆರ್’ ಮಾದರಿಯು 850 ನ್ಯಾನೊಮೀಟರ್ ಬೆಳಕಿನಿಂದ ಓಎಂ-3 ಮಲ್ಟಿಮೋಡ್ ಕೇಬಲ್‌ನಲ್ಲಿ 300 ಮೀಟರ್ ತಲುಪುತ್ತದೆ. ಒಂದೇ ಆವರಣದ ಕಾರ್ಖಾನೆಗೆ ಇದು ಸಾಕು. 1310 ನ್ಯಾನೊಮೀಟರ್‌ನ ‘ಎಲ್‌ಆರ್’ ಸಿಂಗಲ್‌ಮೋಡ್ ಕೇಬಲ್‌ನಲ್ಲಿ 10 ಕಿ.ಮೀ. ತಲುಪುತ್ತದೆ.

ತುಮಕೂರಿನಿಂದ ಸುಮಾರು 20 ಕಿ.ಮೀ. ದೂರದ ಗುಬ್ಬಿಗೆ ‘ಎಲ್‌ಆರ್’ ಸಾಲುವುದೇ? ಇದರ ಕನಿಷ್ಠ ಹೊರಸೂಸುವಿಕೆ ಮೈನಸ್ 8.2 ಡಿಬಿಎಂ, ಗ್ರಹಿಸಲು ಬೇಕಾದ ಕನಿಷ್ಠ ಬೆಳಕು ಮೈನಸ್ 14.4 ಡಿಬಿಎಂ. ಅಂದರೆ ಖರ್ಚು ಮಾಡಬಹುದಾದ ಮೊತ್ತ 6.2 ಡೆಸಿಬೆಲ್. ಕಿ.ಮೀ.ಗೆ 0.35ರಂತೆ ಕೇಬಲ್ ಒಂದಕ್ಕೇ 7 ಡೆಸಿಬೆಲ್ ವೆಚ್ಚವಾಗುತ್ತದೆ. ಜೋಡಣೆಗಳ ನಷ್ಟ ಸೇರುವ ಮೊದಲೇ ಲೆಕ್ಕದಲ್ಲಿ ಕೊರತೆ! ಇಲ್ಲಿಗೂ ಇನ್ನೂ ದೂರದ ಕುಣಿಗಲ್‌ಗೂ 1550 ನ್ಯಾನೊಮೀಟರ್‌ನ, 40 ಕಿ.ಮೀ. ವರೆಗಿನ ‘ಇಆರ್’ ಮಾದರಿಯನ್ನು, ಕೇಬಲ್ ಮಾರ್ಗದ ನಿಜವಾದ ನಷ್ಟವನ್ನು ಅಳೆಸಿ, ಪರಿಶೀಲಿಸಬೇಕು. ಅದನ್ನೇ ಗಿಡ್ಡ ಕೇಬಲ್‌ಗೆ ಅಟೆನ್ಯುಯೇಟರ್ ಇಲ್ಲದೆ ಹಾಕಿದರೆ ಅತಿಯಾದ ಬೆಳಕಿನಿಂದ ಗ್ರಾಹಕ ಭಾಗ ಕೆಡಬಹುದು.

ಆದ್ದರಿಂದ ಖರೀದಿ ಆದೇಶದಲ್ಲಿ ವೇಗ, ತರಂಗಾಂತರ, ದೂರ, ಕೇಬಲ್ ಬಗೆ ಹಾಗೂ ಸ್ವಿಚ್‌ನೊಡನೆ ಹೊಂದಾಣಿಕೆಯನ್ನು ಸ್ಪಷ್ಟವಾಗಿ ನಮೂದಿಸತಕ್ಕದ್ದು. ಬಂಡವಾಳ ಸರಕೆಂದು ಲೆಕ್ಕಕ್ಕೆ ತಂದಾಗ ಜಿಎಸ್‌ಟಿ ಮೊತ್ತದ ಮೇಲೂ ಸವಕಳಿ ಪಡೆದರೆ, ಆ ಮೊತ್ತಕ್ಕೆ ಇನ್‌ಪುಟ್ ತೆರಿಗೆ ಜಮೆ ದೊರೆಯದೆಂಬುದನ್ನೂ ಉದ್ಯಮಿಗಳು ಮರೆಯಬಾರದು.