ಕಟ್ಟು ಬೇರೆ, ಹೆಪ್ಪು ಬೇರೆ

ಹಾಸನ ಜಿಲ್ಲೆಯ ಚನ್ನರಾಯಪಟ್ಟಣದಿಂದ ಚೆನ್ನೈನ ಪೆರುಂಗುಡಿಗೆ ಬಂದು ಹದಿನಾಲ್ಕು ವರ್ಷವಾಯಿತು. ಹಗಲೆಲ್ಲ ಓಎಂಆರ್ ರಸ್ತೆಯ ಕಂಪನಿಯೊಂದರಲ್ಲಿ ಬೇರೆಯವರು ಬರೆದ ಕೋಡಿನ ತಪ್ಪು ಹುಡುಕುವುದು ನನ್ನ ಕೆಲಸ. ಅಡುಗೆಮನೆಯಲ್ಲಿ ಆಗುವ ತಪ್ಪುಗಳು ಮಾತ್ರ ಪೂರಾ ನನ್ನವೇ. ಬೇಯಿಸಿ ಬಸಿದ ನೀರಿನ ವಿಷಯದಲ್ಲಿ ಅವುಗಳಿಂದ ಕಲಿತದ್ದು ಇಷ್ಟು.

1. ಚೆಲ್ಲುವ ಮೊದಲು ಒಂದು ಚಮಚ ಬಾಯಿಗೆ ಹಾಕಿ.

2019ರ ಜೂನ್. ಚೆನ್ನೈಗೆ ನೀರುಣಿಸುವ ಪೂಂಡಿ, ಚೋಳವರಂ, ರೆಡ್‌ಹಿಲ್ಸ್, ಚೆಂಬರಂಬಾಕ್ಕಂ ಕೆರೆಗಳು ನಾಲ್ಕೂ ಬತ್ತಿದ್ದವು. ಓಎಂಆರ್ ಕಂಪನಿಗಳು ಮನೆಯಿಂದಲೇ ಕೆಲಸ ಮಾಡಿ ಎಂದು ಹೇಳತೊಡಗಿದ್ದವು. ಜುಲೈ 12ಕ್ಕೆ ಜೋಲಾರ್‌ಪೇಟೆಯಿಂದ 50 ವ್ಯಾಗನ್ನಿನ ರೈಲಿನಲ್ಲಿ 25 ಲಕ್ಷ ಲೀಟರ್ ನೀರು ಬಂತು, ಅದೂ ಕಾವೇರಿಯದೇ. ನಮ್ಮವರೂ ತಮಿಳುನಾಡಿನವರೂ ಇಷ್ಟು ವರ್ಷ ಕಿತ್ತಾಡಿದ ಆ ತಾಯಿ ಕೊನೆಗೆ ಗೂಡ್ಸ್ ಗಾಡಿ ಹತ್ತಿದಳಲ್ಲ ಎಂದು ಅತ್ತೆ ನೊಂದುಕೊಂಡರು. ನಮ್ಮ ಬೀದಿಗೆ ಟ್ಯಾಂಕರೇ ಗತಿ.

ಆ ದಿನಗಳಲ್ಲೊಮ್ಮೆ ಅಲಸಂದೆ ಬೇಯಿಸಿದ ನೀರನ್ನು ಸಿಂಕಿಗೆ ಬಗ್ಗಿಸುತ್ತಿದ್ದೆ. ಕೆಲಸಕ್ಕೆ ಬರುವ ಅಕ್ಕ ಓಡಿಬಂದು "ಕೊಟ್ಟಾದೀಂಗಮ್ಮಾ!" ಎಂದರು. ತಮಿಳಿನಲ್ಲಿ ಕೊಟ್ಟುವುದೆಂದರೆ ಸುರಿಯುವುದು. ನನ್ನ ಹಾಸನದ ಕಿವಿಗೆ ಅದು "ಕೊಡಬೇಡಿ" ಎಂದು ಕೇಳಿಸಿತು. ಯಾರಿಗೂ ಕೊಡ್ತಿಲ್ವಲ್ಲ ಅಂದೆ. ಅಕ್ಕ ಪಾತ್ರೆಯನ್ನೇ ಕಿತ್ತುಕೊಂಡರು. ಅವತ್ತು ನಾಚಿಕೆಯಾಯಿತು. ಬಸ್ಸಾರು ಉಂಡು ಬೆಳೆದವಳು ನಾನು, ಕುಕ್ಕರು ಬಂದ ಮೇಲೆ ಬಸಿಯುವುದನ್ನೇ ಮರೆತಿದ್ದೆ.

2. ಉಳಿದದ್ದರಲ್ಲಿ ಎರಡು ಜಾತಿ. ಒಂದು ಬೆಂದದ್ದು, ಅದು ಕಟ್ಟು; ಇನ್ನೊಂದು ಬದುಕಿರುವುದು, ಅದು ಹೆಪ್ಪು.

ಇದು ನನಗೆ ತಿಳಿದದ್ದು ವಿಸ್ಕಿಯ ಊರಿನಲ್ಲಿ. ಆಫೀಸಿನ ಕೆಲಸಕ್ಕೆಂದು ಅಮೆರಿಕದ ಕೆಂಟಕಿಗೆ ಹೋಗಿದ್ದಾಗ ಜೊತೆಯವರು ಡಿಸ್ಟಿಲರಿ ನೋಡಲು ಹೊರಟರು. ಕುಡಿಯದಿದ್ದರೂ ಹೋದೆ. ಮೆಕ್ಕೆಜೋಳದ ಗಂಜಿ ಹುದುಗಿಸಿ ಭಟ್ಟಿ ಇಳಿಸಿದ ಮೇಲೆ ಹಂಡೆಯಲ್ಲಿ ಹುಳಿಹುಳಿಯಾದ ತೆಳು ನೀರು ಉಳಿಯುತ್ತದೆ. ಅದನ್ನು ಬ್ಯಾಕ್‌ಸೆಟ್ ಅನ್ನುತ್ತಾರೆ. ಅದನ್ನು ಸೋಸಿ ಮುಂದಿನ ಗಂಜಿಗೆ ಬೆರೆಸುತ್ತಾರೆ, ನಾಲ್ಕರಲ್ಲೊಂದು ಪಾಲಿನ ಆಸುಪಾಸು. ಸಾವರ್ ಮ್ಯಾಶ್ ಎನ್ನುವ ಈ ಪದ್ಧತಿಯನ್ನು 19ನೇ ಶತಮಾನದಲ್ಲಿ ಅಳತೆಗೆ ತಂದ ಹೆಸರು ಸ್ಕಾಟ್ಲೆಂಡಿನಿಂದ ಬಂದ ಜೇಮ್ಸ್ ಕ್ರೋ ಎಂಬವನದು.

ಮೊದಲು ಇದು ಹೆಪ್ಪು ಅಂದುಕೊಂಡೆ. ಅಲ್ಲ. ಕುದ್ದ ನೀರಿನಲ್ಲಿ ಯೀಸ್ಟ್ ಎಲ್ಲಿ ಬದುಕಿರುತ್ತದೆ? ಯೀಸ್ಟನ್ನು ಬೇರೆಯಾಗಿಯೇ ಹಾಕುತ್ತಾರೆ. ಹಳೆಯ ನೀರಿನ ಹುಳಿ ಬೇಡದ ಬ್ಯಾಕ್ಟೀರಿಯಾವನ್ನು ಹತ್ತಿರ ಬಿಡುವುದಿಲ್ಲ, ಹೋದ ಸಲದ ರುಚಿಯನ್ನು ಈ ಸಲಕ್ಕೂ ತರುತ್ತದೆ. ಅಂದರೆ ಇದು ಮೊಸರಿನ ಹೆಪ್ಪಲ್ಲ, ನಮ್ಮ ಒಬ್ಬಟ್ಟಿನ ಕಟ್ಟು!

ಊರಿಗೆ ಬಂದು ಇದನ್ನೆಲ್ಲ ವಿವರಿಸಿದರೆ ನಮ್ಮ ಯಜಮಾನರು "ಮನೇಲೇ ಇಳಿಸೋಣ್ವಾ?" ಅಂದರು. ತಮಿಳುನಾಡು ಪಾನನಿಷೇಧ ಕಾಯ್ದೆ 1937ರದ್ದಾದರೂ ಇನ್ನೂ ಗಟ್ಟಿಯಾಗಿದೆ, ನಮ್ಮ ಪಾತ್ರೆಯಲ್ಲಿ ಬೇಳೆಯೇ ಬೇಯಲಿ ಅಂದೆ.

3. ಕಟ್ಟು ಚೆನ್ನಾಗಿರಬೇಕಾದರೆ ಹಾಕುವ ನೀರು ಚೆನ್ನಾಗಿರಬೇಕು.

ನಮ್ಮ ಬೋರ್‌ವೆಲ್ ನೀರು ಗಡಸು. ಅದರ ಸುಣ್ಣದಂಶಕ್ಕೆ ತೊಗರಿಬೇಳೆ ಎಷ್ಟು ಕುದಿಸಿದರೂ ಮೆತ್ತಗಾಗದು. ಮೊದಲ ಯುಗಾದಿಯ ಒಬ್ಬಟ್ಟಿಗೆ ಒಂದೂವರೆ ಗಂಟೆ ಒಲೆಯ ಮುಂದೆ ನಿಂತು ಬೇಳೆಯಂಗಡಿಯವನನ್ನು ಬೈದಿದ್ದೆ, ಪಾಪ. ಈಗ ಫಿಲ್ಟರ್ ನೀರೇ. ಅರ್ಧ ಕಿಲೋ ಬೇಳೆಗೆ ಎರಡೂವರೆ ಲೀಟರ್, ಚಿಟಿಕೆ ಅರಿಸಿನ, ಒಂದು ಚಮಚ ಎಣ್ಣೆ. ಉಪ್ಪು ಬೇಡ, ಹೂರಣ ಕೆಡುತ್ತದೆ. ಬೇಳೆ ಇಡಿಯಾಗಿಯೇ ಕಾಣಬೇಕು, ಬೆರಳಲ್ಲಿ ಹಿಸುಕಿದರೆ ಮಾತ್ರ ಹಿಟ್ಟಾಗಬೇಕು. ಕುಕ್ಕರಿನಲ್ಲಿ ಈ ಹದ ಸಿಗುವುದಿಲ್ಲ, ಒಂದು ಕೂಗು ಹೆಚ್ಚಾದರೆ ಬೇಳೆಯೆಲ್ಲ ಕರಗಿ ಕಟ್ಟು ಗಂಜಿಯಾಗುತ್ತದೆ.

ತೂತಿನ ಪಾತ್ರೆಗೆ ಸುರಿದು ಹತ್ತು ನಿಮಿಷ ಮುಟ್ಟದೆ ಬಿಡಿ. ಸೌಟಿನಿಂದ ಒತ್ತುವ ಆಸೆಯಾಗುತ್ತದೆ, ಒತ್ತಬೇಡಿ. ಕೆಳಗಿಳಿದ ಹಳದಿ ನೀರಿಗೆ ಕಾಯಿ, ಧನಿಯ, ಜೀರಿಗೆ, ಬ್ಯಾಡಗಿ ಮೆಣಸಿನಕಾಯಿ, ಚೂರು ಚಕ್ಕೆ ರುಬ್ಬಿ ಹಾಕಿ, ಹುಣಸೆರಸ ಬಿಟ್ಟು, ಒಂದು ಹಿಡಿ ಹೂರಣವನ್ನೂ ಕದಡಿ ಕುದಿಸುತ್ತೇನೆ. ಹೂರಣ ಹಾಕದ ಸಾರಿಗೆ ಒಬ್ಬಟ್ಟಿನ ಸಾರು ಅನ್ನುವ ಹೆಸರು ಸಲ್ಲದು ಎಂಬುದು ನನ್ನ ವಾದ. ಕಡಲೆಬೇಳೆ ಬೇಯಿಸುವ ಧಾರವಾಡದ ಗೆಳತಿ ಒಪ್ಪುವುದಿಲ್ಲ. ಅವಳ ಕಟ್ಟಿನ ಸಾರು ಚೆನ್ನಾಗಿಯೇ ಇರುತ್ತದೆ, ಅವಳೆದುರು ಹೇಳುವುದಿಲ್ಲ ಅಷ್ಟೇ.

4. ಹುಳಿ ಬಿದ್ದ ಮೇಲೆ ಅದು ಕಟ್ಟಲ್ಲ.

ಕೆಂಟಕಿಯಿಂದ ಬಂದ ಹುರುಪಿನಲ್ಲಿ ನಾನೂ ಬ್ಯಾಕ್‌ಸೆಟ್ ಮಾಡಲು ಹೋದೆ. ನಿನ್ನೆಯ ಸಾರಿನಲ್ಲೇ ಇವತ್ತಿನ ಬೇಳೆ ಬೇಯಲಿಟ್ಟೆ, ರುಚಿಯ ಮೇಲೆ ರುಚಿ ಏರುತ್ತದೆ ಎಂದುಕೊಂಡು. ಸಾರಿನಲ್ಲಿ ಹುಣಸೆ ಇತ್ತಲ್ಲ, ಹುಳಿಯಲ್ಲಿ ಬೇಳೆ ಬೇಯುವುದಿಲ್ಲ. ಮುಕ್ಕಾಲು ಗಂಟೆ ಕುದ್ದು ಸಾರು ಕಪ್ಪಾಯಿತು, ಬೇಳೆ ಕಲ್ಲಿನಂತೆಯೇ ಇತ್ತು, ತಳ ಹತ್ತಿ ಮನೆಯೆಲ್ಲ ವಾಸನೆ. ಭಟ್ಟಿಯವರೂ ಹಳೆಯ ನೀರನ್ನು ಪೂರ್ತಿ ಹಾಕದೆ ಒಂದು ಪಾಲಿಗೆ ನಿಲ್ಲಿಸುವುದು ಇದಕ್ಕೇ, ಹುಳಿ ಹೆಚ್ಚಾದರೆ ಅವರ ಯೀಸ್ಟ್ ಕೂಡ ಮುಷ್ಕರ ಹೂಡುತ್ತದೆ.

5. ಚೆನ್ನೈ ಸೆಕೆಗೆ ಕಟ್ಟು ಎರಡು ಗಂಟೆ ತಾಳುತ್ತದೆ ಅಂದುಕೊಳ್ಳಿ.

ಕುದಿಗೂ ಸಾಯದ ಬೀಜಾಣುಗಳಿವೆ, ಬೆಚ್ಚಗಿನ ಬೇಳೆನೀರು ಸಿಕ್ಕರೆ ಮೊಳೆಯುತ್ತವೆ. ಆರಿಸಿ ಫ್ರಿಜ್ಜಿಗೆ, ಮರುದಿನ ಮತ್ತೆ ಮರಳುವಂತೆ ಕುದಿಸಿ. ನೊರೆ ಎದ್ದು ಎಳೆ ಬಂದರೆ ಗಿಡಕ್ಕೂ ಹಾಕಬೇಡಿ.

6. ಬದುಕಿರುವುದಕ್ಕೆ ಅಳತೆ ಕಡಿಮೆ.

ಊರಲ್ಲಿ ಡಿಸೆಂಬರಿನ ದೋಸೆಹಿಟ್ಟು ಮರುದಿನ ಮಧ್ಯಾಹ್ನಕ್ಕೂ ಮಿಸುಕುತ್ತಿರಲಿಲ್ಲ. ಹಾಗಾಗಿ ಅಮ್ಮ ಒಂದು ಸೌಟು ಹಳೇ ಹಿಟ್ಟು ಬೆರೆಸುತ್ತಿದ್ದರು. ಆ ಸೌಟನ್ನೇ ನಾನು ಪೆರುಂಗುಡಿಯ ಮೇ ತಿಂಗಳಿಗೆ ತಂದೆ. ರಾತ್ರಿ ಹತ್ತಕ್ಕೆ ಮುಚ್ಚಿಟ್ಟರೆ ಬೆಳಗಿನ ಜಾವ ಮೂರಕ್ಕೆ ಹಿಟ್ಟು ಮುಚ್ಚಳ ಎತ್ತಿ, ಕಟ್ಟೆ ಇಳಿದು, ಕಪಾಟಿನ ಸಂದಿಗೆ ಸೇರಿತ್ತು. ದೋಸೆ ಎಷ್ಟು ಹುಳಿಯೆಂದರೆ ಚಟ್ನಿಗೆ ಹುಣಸೆ ಬೇಕಾಗಲಿಲ್ಲ. ಹಿಟ್ಟನ್ನು ಉಬ್ಬಿಸುವ ಜೀವಿಗಳು ಉದ್ದಿನಬೇಳೆಯ ಮೇಲೆಯೇ ಇರುತ್ತವೆ. ಇಲ್ಲಿ ಬೇಸಿಗೆಯಲ್ಲಿ ಹಳೇ ಹಿಟ್ಟು ಬೇಡವೇ ಬೇಡ, ಡಿಸೆಂಬರಿನ ತಂಪಿಗೆ ಒಂದು ಚಮಚ ಸಾಕು.

7. ಹುರುಳಿ ಕಟ್ಟಿಗೆ ತಾಳ್ಮೆ ಬೇಕು, ಎತ್ತೂ ಬೇಕು.

ಎದುರು ಮನೆಯ ಗುಂಟೂರಿನವರು ಉಲವಚಾರು, ಅಂದರೆ ಹುರುಳಿ ಕಟ್ಟಿನ ಸಾರು, ಮಾಡುತ್ತಾರೆ. ಅವರ ಕಡೆ ಹಿಂದೆ ಎತ್ತುಗಳಿಗೆ ಹುರುಳಿ ಬೇಯಿಸಿ, ಉಳಿದ ನೀರನ್ನು ಬತ್ತಿಸಿ ಮನೆಮಂದಿ ಉಣ್ಣುತ್ತಿದ್ದರಂತೆ. ಕಂಬಳದ ಕೋಣಗಳಿಗೆ ಹುರುಳಿ ತಿನ್ನಿಸುವ ಕರಾವಳಿಯಲ್ಲೂ ಹುರುಳಿ ಸಾರಿನ ರುಚಿ ಗೊತ್ತು. ಒಂದು ಸೇರು ಹುರುಳಿಯ ನೀರನ್ನು ಸಣ್ಣ ಉರಿಯಲ್ಲಿ ಕಾಲುಭಾಗಕ್ಕೆ ಇಳಿಸಿದರೆ ಕಾಫಿ ಡಿಕಾಕ್ಷನ್ನಿನ ಬಣ್ಣ, ಮಣ್ಣಿನ ಘಮ. ನಾನು ಬತ್ತಿಸಿದೆ, ಎಲ್ಲರೂ ತುಪ್ಪ ಹಾಕಿಕೊಂಡು ಎರಡೆರಡು ಸಲ ಬಡಿಸಿಕೊಂಡರು. ಆದರೆ ಬೆಂದ ಅಷ್ಟೂ ಕಾಳು ಫ್ರಿಜ್ಜಿನಲ್ಲಿ ಕೂತಿತ್ತು. ಸೋಮವಾರ ಉಸಲಿ, ಮಂಗಳವಾರ ಪಲ್ಯ, ಬುಧವಾರ ವಡೆ. ಗುರುವಾರ ಬೆಳಗ್ಗೆ ಡಬ್ಬಿ ಮುಚ್ಚಳ ತೆಗೆದು ನೋಡಿದ ಮಗ ಕೇಳಿದ: "ಅಮ್ಮಾ, ಬಾಲ್ಕನಿಯಲ್ಲಿ ಎತ್ತು ಸಾಕೋಕೆ ಅಸೋಸಿಯೇಷನ್ನಿನವರು ಬಿಡ್ತಾರಾ?"