ತ್ರಿಯೇಕತ್ವವನ್ನು ಒಪ್ಪದ ಕ್ರೈಸ್ತರು



ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯಂಥ ಊರುಗಳಲ್ಲಿ ಹಲವು ಧರ್ಮದವರು ಒಂದೇ ಸಂತೆಯಲ್ಲಿ ವ್ಯಾಪಾರ ಮಾಡುತ್ತಾರೆ, ಒಂದೇ ಬಸ್ಸಿನಲ್ಲಿ ಓಡಾಡುತ್ತಾರೆ. ಕ್ರೈಸ್ತ ಸಹೋದರರೊಬ್ಬರೊಡನೆ ದೇವನ ವಿಷಯ ಮಾತಿಗೆ ಬಂದರೆ ನೀವೇನು ಹೇಳುವಿರಿ? ‘ನೀವು ಮೂರು ದೇವರನ್ನು ನಂಬುವವರು’ ಎಂದು ಮಾತು ಮುಗಿಸುವುದು ಸುಲಭ. ಆದರೆ ಅದು ನ್ಯಾಯವಲ್ಲ. ದೇವನು ಒಬ್ಬನೇ, ಆ ಒಬ್ಬನಲ್ಲಿ ತಂದೆ, ಮಗ, ಪವಿತ್ರಾತ್ಮ ಎಂಬ ಮೂವರಿದ್ದಾರೆ ಎಂಬುದು ಅವರ ನಂಬಿಕೆ. ಇದನ್ನು ನಾವು ಒಪ್ಪುವುದಿಲ್ಲ. ಆದರೆ ಒಪ್ಪದ ಮಾತನ್ನೂ ಸರಿಯಾಗಿ ತಿಳಿದು ಮಾತಾಡುವುದು ಸತ್ಯವಿಶ್ವಾಸಿಯ ಕರ್ತವ್ಯ. ಗ್ರಂಥದವರೊಡನೆ ಉತ್ತಮ ರೀತಿಯಲ್ಲೇ ಚರ್ಚಿಸಬೇಕೆಂದು ಕುರ್‌ಆನ್ (29:46) ನಮಗೆ ಕಲಿಸಿದೆ.

ಕ್ರೈಸ್ತರೆಲ್ಲರೂ ತ್ರಿಯೇಕತ್ವವನ್ನು ನಂಬುತ್ತಾರೆ ಎಂಬುದೂ ಸರಿಯಲ್ಲ. ಬೈಬಲನ್ನು ಓದಿಯೇ ಅದನ್ನು ನಿರಾಕರಿಸಿದವರಿದ್ದಾರೆ. ಅವರಿಗೆ ಯೂನಿಟೇರಿಯನ್ನರು, ಅಂದರೆ ಏಕದೇವವಾದಿಗಳು ಎಂದು ಹೆಸರು. ಅವರ ವಾದ ಸರಳವಾದುದು. ತ್ರಿಯೇಕತ್ವ ಎಂಬ ಪದ ಬೈಬಲಿನಲ್ಲಿಲ್ಲ. ಯೇಸು ಸ್ವತಃ ದೇವನನ್ನು ಪ್ರಾರ್ಥಿಸಿದರು. ಪ್ರಾರ್ಥಿಸುವವರೇ ಪ್ರಾರ್ಥನೆಗೆ ಅರ್ಹರಾಗುವುದು ಹೇಗೆ?

ಈ ಮಾತಿಗೆ ಅವರು ತೆತ್ತ ಬೆಲೆ ಸಣ್ಣದಲ್ಲ. ತ್ರಿಯೇಕತ್ವವನ್ನು ಖಂಡಿಸಿ 1531ರಲ್ಲಿ ಪುಸ್ತಕ ಬರೆದ ಮಿಗೆಲ್ ಸರ್ವೆಟಸ್‌ರನ್ನು 1553ರಲ್ಲಿ ಜಿನೀವಾದಲ್ಲಿ ಜೀವಂತ ಸುಡಲಾಯಿತು. ಯೇಸುವನ್ನು ಪ್ರಾರ್ಥಿಸಬಾರದೆಂದು ಬೋಧಿಸಿದ ಟ್ರಾನ್ಸಿಲ್ವೇನಿಯಾದ ಫೆರೆಂಕ್ ಡೇವಿಡ್ 1579ರಲ್ಲಿ ಸೆರೆಮನೆಯಲ್ಲೇ ತೀರಿಕೊಂಡರು. ನಮ್ಮ ದೇಶದಲ್ಲಿಯೂ ಈ ಪಂಥ ಬೆಳೆಯಿತು. ಮದ್ರಾಸಿನಲ್ಲಿ 1795ರಲ್ಲಿ ವಿಲಿಯಂ ರಾಬರ್ಟ್ಸ್ ಎಂಬ ತಮಿಳರು, ಖಾಸಿ ಬೆಟ್ಟಗಳಲ್ಲಿ 1887ರಲ್ಲಿ ಹಾಜಮ್ ಕಿಸ್ಸೋರ್ ಸಿಂಗ್ ಇದನ್ನು ಸ್ಥಾಪಿಸಿದರು.

ಅವರು ಮುಸ್ಲಿಮರಲ್ಲ. ಪ್ರವಾದಿ ಮುಹಮ್ಮದ್(ಸ)ರನ್ನು ಅಂತಿಮ ಪ್ರವಾದಿಯೆಂದು ಅವರು ಅಂಗೀಕರಿಸಿದವರಲ್ಲ. ಆದರೂ ಅವರ ಬದುಕು ನಮ್ಮನ್ನು ಒಂದು ಪ್ರಶ್ನೆ ಕೇಳುತ್ತದೆ. ಅವರು ಆ ಮಾತಿಗಾಗಿ ಪ್ರಾಣವನ್ನೇ ಕೊಟ್ಟರು. ತೌಹೀದನ್ನು ಹುಟ್ಟಿನಿಂದಲೇ ಪಡೆದ ನಾವು ಅದಕ್ಕಾಗಿ ಏನು ಬಿಟ್ಟಿದ್ದೇವೆ?

ಐದು ಹೊತ್ತು ನಮಾಝ್‌ನಲ್ಲಿ ‘ಅಲ್ಲಾಹನೊಬ್ಬನೇ’ ಎಂದು ಸಾಕ್ಷ್ಯ ಹೇಳಿ ಬಂದವನು, ಬೇರೆ ಕಡೆಯ ಮೆಣಸಿನಕಾಯಿಯನ್ನು ಬೆರೆಸಿ ಬ್ಯಾಡಗಿಯದೆಂದೇ ತೂಗಿ ಕೊಟ್ಟರೆ ಅವನು ಯಾರಿಗೆ ಅಂಜಿದಂತಾಯಿತು? ಲಾಭಕ್ಕೋ, ಅಲ್ಲಾಹನಿಗೋ? ದೇವನು ಒಬ್ಬನೇ ಎಂಬುದು ನಾಲಿಗೆಯ ಮಾತು ಮಾತ್ರವಲ್ಲ, ತಕ್ಕಡಿಯ ಮುಂದೆಯೂ ಅದು ನಿಜವಾಗಬೇಕು. ನೆರೆಯವರು ನಮ್ಮ ವಾದಕ್ಕಿಂತ ಮೊದಲು ನಮ್ಮ ವ್ಯವಹಾರವನ್ನು ನೋಡುತ್ತಾರೆ.

ನುಡಿಯಲ್ಲೂ ನಡೆಯಲ್ಲೂ ತೌಹೀದನ್ನು ಉಳಿಸಿಕೊಳ್ಳುವ ಭಾಗ್ಯವನ್ನು ಅಲ್ಲಾಹನು ನಮಗೆಲ್ಲ ಅನುಗ್ರಹಿಸಲಿ. ಆಮೀನ್.