ಘಾಟಿ ದಾರಿಯಲ್ಲಿ ಬೈಕ್ ಸವಾರಿ: ಬೆಟ್ಟಕ್ಕೆ ಬರುವ ಭಕ್ತಾದಿಗಳಿಗೊಂದು ಪಾಠ



ಮಲೆ ಮಹದೇಶ್ವರ ಬೆಟ್ಟಕ್ಕೆ ಹಿಂದೆ ಜನ ಕಾಲ್ನಡಿಗೆಯಲ್ಲಿ ಬರುತ್ತಿದ್ದರು, ಆಮೇಲೆ ಬಸ್ಸಿನಲ್ಲಿ ಬಂದರು. ಈಗ ಬೈಕು, ಸ್ಕೂಟರಿನಲ್ಲಿ ಬರುವವರೇ ಸಾವಿರಾರು. ಗಂಡ ಹೆಂಡತಿ ಮಗು, ಇಲ್ಲವೇ ಇಬ್ಬರು ಸ್ನೇಹಿತರು, ಬೆಳಗಿನ ಜಾವ ಊರು ಬಿಟ್ಟು ಮಧ್ಯಾಹ್ನದೊಳಗೆ ದರ್ಶನ ಮುಗಿಸಿ ಸಂಜೆಗೆ ಮನೆ ಸೇರುವ ಲೆಕ್ಕ ಹಾಕಿಕೊಂಡು ಬರುತ್ತಾರೆ. ಬಯಲು ಸೀಮೆಯ ರಸ್ತೆಯಲ್ಲಿ ಹತ್ತು ವರ್ಷ ಬೈಕ್ ಓಡಿಸಿದವರಿಗೂ ಘಾಟಿ ರಸ್ತೆ ಹೊಸ ಪಾಠವೇ. ಆ ಪಾಠವನ್ನು ತಿರುವಿನಲ್ಲಿ ಕಲಿಯುವ ಬದಲು ಇಲ್ಲಿ ಓದಿಕೊಂಡು ಕಲಿಯುವುದು ಒಳ್ಳೆಯದು.

ಇಡೀ ಪಾಠದ ಸಾರ ಇಷ್ಟೇ: ತಿರುವಿಗೆ ಬೇಕಾದ ತಯಾರಿಯೆಲ್ಲ ತಿರುವು ಬರುವ ಮುಂಚೆಯೇ ಮುಗಿದಿರಬೇಕು, ಹತ್ತುವಾಗಿನ ಎರಡರಷ್ಟು ಎಚ್ಚರ ಇಳಿಯುವಾಗ ಇರಬೇಕು. ಇದು ಯಾಕೆ ಅಂತ ಒಂದೊಂದಾಗಿ ನೋಡೋಣ.

1. ಈ ದಾರಿ ಎಂಥದ್ದು?

ಮೈಸೂರಿನಿಂದ ಬೆಟ್ಟಕ್ಕೆ ಸುಮಾರು 150 ಕಿ.ಮೀ., ಬೆಂಗಳೂರಿನಿಂದ ಸುಮಾರು 210 ಕಿ.ಮೀ. ಎರಡು ಕಡೆಯವರೂ ಕೊಳ್ಳೇಗಾಲಕ್ಕೆ ಬಂದು ಹನೂರು, ಕೌದಳ್ಳಿ ದಾಟಿ ತಾಳಬೆಟ್ಟ ತಲುಪುತ್ತಾರೆ. ಅಲ್ಲಿಂದ ಘಾಟಿ ಶುರು. ಅಂದರೆ ಮೂರ್ನಾಲ್ಕು ಗಂಟೆ ಸವಾರಿ ಮಾಡಿ ಸೊಂಟ ನೋಯುತ್ತಿರುವಾಗ, ಕಣ್ಣು ಸೋತಿರುವಾಗ ಅತಿ ಕಷ್ಟದ ರಸ್ತೆ ಎದುರಾಗುತ್ತದೆ. ಆದ್ದರಿಂದ ತಾಳಬೆಟ್ಟದಲ್ಲಿ ಹದಿನೈದು ನಿಮಿಷ ಬೈಕ್ ನಿಲ್ಲಿಸಿ. ನೀರು ಕುಡಿಯಿರಿ, ಮುಖ ತೊಳೆಯಿರಿ, ಕೈಕಾಲು ಆಡಿಸಿ. ಆಮೇಲೆ ಹತ್ತಿ.

ಇನ್ನೊಂದು ವಿಷಯ. ತಿರುಮಲದಲ್ಲಿ ಹತ್ತಲು ಒಂದು, ಇಳಿಯಲು ಒಂದು ಅಂತ ಎರಡು ಘಾಟಿ ರಸ್ತೆಗಳಿವೆ. ಮೊದಲನೆಯದು 1944ರಲ್ಲಿ, ಎರಡನೆಯದು 1974ರಲ್ಲಿ ಆಯಿತು. ಅಲ್ಲಿ ತಿರುವಿನಲ್ಲಿ ಎದುರು ವಾಹನದ ಭಯ ಕಡಿಮೆ. ನಮ್ಮ ಬೆಟ್ಟದಲ್ಲಿ ಹಾಗಲ್ಲ. ಹತ್ತುವವರು, ಇಳಿಯುವವರು, ನಡೆಯುವವರು ಎಲ್ಲರಿಗೂ ಒಂದೇ ದಾರಿ. ಪ್ರತಿ ತಿರುವಿನ ಆಚೆ ಯಾರೋ ಬರುತ್ತಿದ್ದಾರೆ ಅಂತಲೇ ತಿಳಿದು ಹೋಗಬೇಕು.

2. ಹೊರಡುವ ಮುಂಚೆ

ಹಿಂದಿನ ದಿನವೇ ಗ್ಯಾರೇಜಿನಲ್ಲಿ ಮುಂದಿನ, ಹಿಂದಿನ ಬ್ರೇಕ್ ಎರಡನ್ನೂ ತೋರಿಸಿ. ಚೈನ್ ಸಡಿಲವಾಗಿದ್ದರೆ ಬಿಗಿ ಮಾಡಿಸಿ. ಟೈರಿನ ಕಚ್ಚು ಸವೆದಿದ್ದರೆ ಆ ಬೈಕಿನಲ್ಲಿ ಬೆಟ್ಟಕ್ಕೆ ಬರಬೇಡಿ. ಹಿಂದೆ ಒಬ್ಬರನ್ನು ಕೂರಿಸಿಕೊಂಡಾಗ ಹಿಂದಿನ ಟೈರಿಗೆ ಎಷ್ಟು ಗಾಳಿ ಬೇಕು ಅನ್ನುವುದು ಬೈಕಿನ ಜೊತೆ ಕೊಟ್ಟ ಪುಸ್ತಕದಲ್ಲಿರುತ್ತದೆ. ಟೈರು ತಣ್ಣಗಿರುವಾಗ ಅಷ್ಟು ಹಿಡಿಸಿ.

ಹೆಲ್ಮೆಟ್ ಇಬ್ಬರಿಗೂ ಬೇಕು. ನಾಲ್ಕು ವರ್ಷದೊಳಗಿನ ಮಗು ಜೊತೆಗಿದ್ದರೆ ಅದಕ್ಕೂ ಹೆಲ್ಮೆಟ್, ಸವಾರನಿಗೆ ಕಟ್ಟುವ ಸುರಕ್ಷತಾ ಬೆಲ್ಟ್ ಇರಬೇಕು, ವೇಗ ಗಂಟೆಗೆ 40 ಕಿ.ಮೀ. ಮೀರಬಾರದು. 2023ರ ಫೆಬ್ರವರಿಯಿಂದ ಇದು ಕಾನೂನು. ಮಗುವನ್ನು ಪೆಟ್ರೋಲ್ ಟ್ಯಾಂಕಿನ ಮೇಲೆ ಕೂರಿಸಿಕೊಂಡು ಘಾಟಿ ಹತ್ತುವುದು ಬೇಡವೇ ಬೇಡ. ಮೂವರು ದೊಡ್ಡವರಿದ್ದರೆ ಬಸ್ಸಿದೆ, ಬಸ್ಸಿನಲ್ಲಿ ಬನ್ನಿ.

3. ತಿರುವನ್ನು ತೆಗೆದುಕೊಳ್ಳುವ ಕ್ರಮ

ಬೆಟ್ಟದ ರಸ್ತೆಗಳಿಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಮಾಡಿರುವ ನಿಯಮದಲ್ಲಿ ಹೇರ್‌ಪಿನ್ ತಿರುವಿನ ಕನಿಷ್ಠ ವಿನ್ಯಾಸ ವೇಗ ಗಂಟೆಗೆ 20 ಕಿ.ಮೀ. ಮಾತ್ರ. ಅದಕ್ಕಿಂತ ಜೋರಾಗಿ ಹೋದರೆ ಏನಾಗುತ್ತದೆ? 15 ಮೀಟರ್ ತ್ರಿಜ್ಯದ ತಿರುವಿನಲ್ಲಿ 20 ಕಿ.ಮೀ. ವೇಗಕ್ಕೆ ಬೈಕು ಸುಮಾರು 12 ಡಿಗ್ರಿ ವಾಲಿದರೆ ಸಾಕು. 30ಕ್ಕೆ 25 ಡಿಗ್ರಿ ಬೇಕು. 40ಕ್ಕೆ 40 ಡಿಗ್ರಿ! ವೇಗ ಎರಡರಷ್ಟಾದರೆ ಟೈರಿಗೆ ಬೇಕಾದ ಹಿಡಿತ ನಾಲ್ಕರಷ್ಟಾಗುತ್ತದೆ. 40 ಡಿಗ್ರಿ ವಾಲಿದ ಟೈರಿನ ಕೆಳಗೆ ಒಂದು ಹಿಡಿ ಮರಳು, ನಾಲ್ಕು ಒದ್ದೆ ಎಲೆ ಇದ್ದರೆ ಸಾಕು, ಬೈಕು ಕಾಲಡಿಯಿಂದ ಜಾರಿ ಹೋಗುತ್ತದೆ.

ಅದಕ್ಕೇ ಈ ಕ್ರಮ:

ಮೊದಲು, ರಸ್ತೆ ನೇರವಾಗಿದ್ದು ಬೈಕು ನೆಟ್ಟಗಿರುವಾಗಲೇ ಎರಡೂ ಬ್ರೇಕ್ ಹಿಡಿದು ವೇಗ ಇಳಿಸಿ. ಗೇರು ಕೂಡ ಆಗಲೇ ಇಳಿಸಿ.

ಆಮೇಲೆ, ಒಂದು ಸಣ್ಣ ಹಾರ್ನ್ ಕೊಟ್ಟು, ನಿಮ್ಮ ಎಡಭಾಗ ಬಿಡದೆ ತಿರುಗಿ. ತಿರುಗುತ್ತಿರುವಾಗ ಬ್ರೇಕನ್ನು ಗಕ್ಕನೆ ಹಿಡಿಯಬೇಡಿ, ಆಕ್ಸಿಲರೇಟರನ್ನೂ ಜಗ್ಗಬೇಡಿ. ಒಂದೇ ಸಮನೆ ಹೋಗಿ.

ಕೊನೆಗೆ, ಮುಂದಿನ ರಸ್ತೆ ಪೂರಾ ಕಂಡ ಮೇಲೆ ನಿಧಾನಕ್ಕೆ ವೇಗ ಕೊಡಿ.

ಕಣ್ಣು ಎಲ್ಲಿರಬೇಕು ಅನ್ನುವುದು ಬಹಳ ಮುಖ್ಯ. ಕಣ್ಣು ಎತ್ತ ನೆಟ್ಟಿರುತ್ತದೋ ಬೈಕು ಅತ್ತಲೇ ಹೋಗುತ್ತದೆ. ಹೆದರಿ ಪ್ರಪಾತವನ್ನೋ ತಡೆಗೋಡೆಯನ್ನೋ ದಿಟ್ಟಿಸಿದರೆ ಕೈಯೂ ಆ ಕಡೆಗೇ ತಿರುಗುತ್ತದೆ. ತಲೆ ತಿರುಗಿಸಿ ರಸ್ತೆ ಎಲ್ಲಿಗೆ ಹೋಗುತ್ತಿದೆಯೋ ಅಲ್ಲಿ ನೋಡಿ.

ಕುರುಡು ತಿರುವಿಗೆ ಒಂದು ಸುಲಭ ಗುರುತಿದೆ. ಮುಂದೆ ರಸ್ತೆಯ ಎಡ ಅಂಚು, ಬಲ ಅಂಚು ಎರಡೂ ಒಂದೆಡೆ ಕೂಡಿದ ಹಾಗೆ ಕಾಣುತ್ತದಲ್ಲ, ಆ ಜಾಗವನ್ನು ನೋಡುತ್ತಿರಿ. ಅದು ನಿಮ್ಮಿಂದ ದೂರ ಸರಿಯುತ್ತಿದ್ದರೆ ತಿರುವು ಬಿಚ್ಚಿಕೊಳ್ಳುತ್ತಿದೆ. ಅದು ನಿಮ್ಮ ಹತ್ತಿರಕ್ಕೇ ಬರುತ್ತಿದ್ದರೆ ತಿರುವು ಇನ್ನೂ ಬಿಗಿಯಾಗುತ್ತಿದೆ, ವೇಗ ಇಳಿಸಿ. ಎಷ್ಟು ದೂರ ರಸ್ತೆ ಕಾಣುತ್ತದೋ ಅಷ್ಟರೊಳಗೆ ನಿಲ್ಲಿಸಲು ಆಗಬೇಕು. ಒಣಗಿದ ಸಮತಟ್ಟು ರಸ್ತೆಯಲ್ಲೇ 40 ಕಿ.ಮೀ. ವೇಗದಲ್ಲಿರುವ ಬೈಕು ನಿಲ್ಲಲು ಸುಮಾರು 21 ಮೀಟರ್ ಬೇಕು. 60ರಲ್ಲಿದ್ದರೆ ಸುಮಾರು 40 ಮೀಟರ್. ಇಳಿಜಾರಿನಲ್ಲಿ, ಒದ್ದೆಯಲ್ಲಿ ಇನ್ನೂ ಹೆಚ್ಚು.

ಬಲ ತಿರುವಿನಲ್ಲಿ ಇನ್ನೊಂದು ಅಪಾಯ ಇದೆ. ಚಕ್ರ ನಮ್ಮ ಭಾಗದಲ್ಲೇ ಇರುತ್ತದೆ, ಆದರೆ ಬೈಕು ಬಲಕ್ಕೆ ವಾಲಿದಾಗ ಸವಾರನ ತಲೆ, ಭುಜ ನಡುಗೆರೆ ದಾಟಿ ಎದುರಿನವರ ಭಾಗಕ್ಕೆ ಚಾಚಿರುತ್ತದೆ. ನಡುಗೆರೆಗೆ ಒತ್ತಿಕೊಂಡು ತಿರುಗಬೇಡಿ.

4. ಇಳಿಜಾರು: ಇಲ್ಲಿಯೇ ಹೆಚ್ಚು ಎಚ್ಚರ

ಹತ್ತುವಾಗ ಆಕ್ಸಿಲರೇಟರ್ ಬಿಟ್ಟರೆ ಬೆಟ್ಟವೇ ಬೈಕನ್ನು ನಿಲ್ಲಿಸುತ್ತದೆ. ಇಳಿಯುವಾಗ ಅದೇ ಬೆಟ್ಟ ಬೈಕನ್ನು ನೂಕುತ್ತದೆ. ಊಟಿಯಿಂದ ಮಸಿನಗುಡಿಗೆ ಇಳಿಯುವ ಕಲ್ಲಹಟ್ಟಿ ಘಾಟಿಯಲ್ಲಿ 36 ಹೇರ್‌ಪಿನ್ ತಿರುವುಗಳಿವೆ. ಅಪಘಾತಗಳು ಹೆಚ್ಚಾದ ಮೇಲೆ ಹೊರಗಿನವರ ವಾಹನಗಳು ಅಲ್ಲಿ ಇಳಿಯದಂತೆ ತಡೆ ಹಾಕಿದ್ದುಂಟು. ತಡೆ ಬಂದದ್ದು ಹತ್ತುವುದಕ್ಕಲ್ಲ, ಇಳಿಯುವುದಕ್ಕೆ ಅನ್ನುವುದನ್ನು ಗಮನಿಸಿ.

ಒಂದು ಲೆಕ್ಕ ನೋಡಿ. ಬೈಕು, ಇಬ್ಬರು ಜನ, ಸಾಮಾನು ಸೇರಿ 280 ಕಿಲೋ ಅಂತಿಟ್ಟುಕೊಳ್ಳಿ. ಅದು 600 ಮೀಟರ್ ಎತ್ತರದಿಂದ ಇಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 5 ಲೀಟರ್ ತಣ್ಣೀರನ್ನು ಕುದಿಸುವಷ್ಟು. ಇಡೀ ದಾರಿ ಬ್ರೇಕ್ ಒತ್ತಿಕೊಂಡೇ ಇಳಿದರೆ ಆ ಶಾಖದ ಬಹುಪಾಲು ಬ್ರೇಕಿಗೇ ಹೋಗುತ್ತದೆ. ಡ್ರಮ್ ಬ್ರೇಕಿನ ಲೈನರ್ ಕಾದು ಹಿಡಿತ ಬಿಡುತ್ತದೆ. ಡಿಸ್ಕ್ ಬ್ರೇಕಿನಲ್ಲಿ ಆಯಿಲ್ ಕುದಿದು ಲಿವರ್ ಮೆತ್ತಗಾಗುತ್ತದೆ. ಸುಟ್ಟ ವಾಸನೆ ಬಂದರೆ, ಲಿವರ್ ಮಾಮೂಲಿಗಿಂತ ಒಳಗೆ ಹೋದರೆ, ಇನ್ನೊಂದು ತಿರುವು ನೋಡೋಣ ಅನ್ನಬೇಡಿ. ರಸ್ತೆ ಬದಿ ಸಿಕ್ಕಿದ ಅಗಲ ಜಾಗದಲ್ಲಿ ನಿಲ್ಲಿಸಿ, ಅರ್ಧ ಗಂಟೆ ತಣಿಯಲು ಬಿಡಿ. ಕಾದ ಡ್ರಮ್ಮಿಗೆ, ಡಿಸ್ಕಿಗೆ ನೀರು ಸುರಿಯಬಾರದು.

ಹಾಗಾದರೆ ಬೈಕನ್ನು ತಡೆದು ಹಿಡಿಯುವುದು ಯಾವುದು? ಎಂಜಿನ್. ಹಳೆಯ ಡ್ರೈವರುಗಳ ಮಾತು ಸರಿ: ಹತ್ತುವುದಕ್ಕೆ ಯಾವ ಗೇರೋ ಇಳಿಯುವುದಕ್ಕೂ ಅದೇ ಗೇರು. ಎರಡನೇ ಗೇರಿನಲ್ಲಿಟ್ಟು ಆಕ್ಸಿಲರೇಟರ್ ಬಿಟ್ಟರೆ ಎಂಜಿನ್ನೇ ಬೈಕನ್ನು ಹಿಂದಕ್ಕೆ ಎಳೆದು ಹಿಡಿಯುತ್ತದೆ. ತೀರಾ ಕಡಿದಾದ ಕಡೆ ಒಂದನೇ ಗೇರು. ಕ್ಲಚ್ ಹಿಡಿದುಕೊಂಡೇ ಇಳಿದರೆ ಆ ಹಿಡಿತ ಹೋಯಿತು. ಬ್ರೇಕನ್ನು ಆಗಾಗ ಹಿಡಿದು, ವೇಗ ಇಳಿಸಿ, ಪೂರ್ತಿ ಬಿಟ್ಟುಬಿಡಿ. ಬಿಟ್ಟಾಗಲೇ ಅದಕ್ಕೆ ಗಾಳಿ ಆಡಿ ತಣಿಯುವುದು.

“ಇಳಿಜಾರಲ್ಲಿ ನ್ಯೂಟ್ರಲ್ ಮಾಡಿದ್ರೆ ಪೆಟ್ರೋಲ್ ಉಳಿಯುತ್ತೆ ಕಣಣ್ಣ” ಅನ್ನುವವರಿದ್ದಾರೆ. ಇನ್ನು ಕೆಲವರು ಎಂಜಿನ್ನನ್ನೇ ಆಫ್ ಮಾಡಿ ಇಳಿಯುತ್ತಾರೆ. ಇದು ಪೂರಾ ತಪ್ಪು. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಬೈಕುಗಳಲ್ಲಿ ಹೆಚ್ಚಿನವು ಫ್ಯುಯೆಲ್ ಇಂಜೆಕ್ಷನ್ ಇರುವಂಥವು. ಅಂಥ ಅನೇಕ ಬೈಕುಗಳಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟು ಇಳಿಯುವಾಗ ಪೆಟ್ರೋಲ್ ತಾನಾಗಿಯೇ ನಿಲ್ಲುತ್ತದೆ. ನ್ಯೂಟ್ರಲ್ ಮಾಡಿದರೆ ಎಂಜಿನ್ ಆರದಂತೆ ಉರಿಯಲು ಪೆಟ್ರೋಲ್ ಬೇಕೇ ಬೇಕು. ಹಳೆಯ ಬೈಕಿನಲ್ಲಿ ಒಂದಿಷ್ಟು ಉಳಿದರೂ ಅದು ಕೆಲವು ರೂಪಾಯಿ. ಅದಕ್ಕೆ ಇಬ್ಬರ ಜೀವ ಪಣಕ್ಕಿಡುವುದೇ?

5. ಗೇರಿಲ್ಲದ ಸ್ಕೂಟರಿನವರಿಗೆ

ಗೇರಿಲ್ಲದ ಪೆಟ್ರೋಲ್ ಸ್ಕೂಟರಿನಲ್ಲಿ ವೇಗ ಬಹಳ ಕಡಿಮೆಯಾದಾಗ ಕ್ಲಚ್ ತಾನಾಗಿ ಬಿಟ್ಟುಕೊಂಡು ಎಂಜಿನ್ನಿನ ಹಿಡಿತ ತಪ್ಪುತ್ತದೆ. ಆಗ ಗಾಡಿ ಸುಮ್ಮನೆ ಉರುಳುತ್ತದೆ, ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಆದ್ದರಿಂದ ಸ್ಕೂಟರಿನವರು ಒಂದೇ ಬ್ರೇಕನ್ನು ನಂಬದೆ ಎರಡನ್ನೂ ಸೇರಿಸಿ ಹಿಡಿದು ಬಿಟ್ಟು ಮಾಡುತ್ತಾ ಇಳಿಯಬೇಕು, ನಡುನಡುವೆ ನಿಲ್ಲಿಸಿ ಬ್ರೇಕ್ ತಣಿಸಬೇಕು. ಕಾಲಿಡುವ ಜಾಗದಲ್ಲಿ ತೆಂಗಿನಕಾಯಿ ಚೀಲ, ಹ್ಯಾಂಡಲ್ಲಿಗೆ ಪ್ರಸಾದದ ಕವರ್ ನೇತುಹಾಕಬೇಡಿ. ತಿರುವಿನಲ್ಲಿ ಅದು ಓಲಾಡಿ ಹ್ಯಾಂಡಲ್ಲನ್ನು ಎಳೆಯುತ್ತದೆ. ಪ್ರಸಾದವನ್ನು ಸೀಟಿನ ಕೆಳಗೋ ಬೆನ್ನಿನ ಬ್ಯಾಗಿನಲ್ಲೋ ಇಡಿ.

6. ದಾರಿಯಲ್ಲಿ ಯಾರ್ಯಾರು ಇರುತ್ತಾರೆ?

*ಪಾದಯಾತ್ರಿಗಳು:* ಶಿವರಾತ್ರಿ, ಯುಗಾದಿ, ದೀಪಾವಳಿ ಜಾತ್ರೆಗಳಲ್ಲಿ, ಅಮಾವಾಸ್ಯೆಗಳಲ್ಲಿ “ಉಘೇ ಮಾದಪ್ಪ” ಅಂತ ಕೂಗುತ್ತಾ ಗುಂಪು ಗುಂಪಾಗಿ ನಡೆದು ಬರುತ್ತಾರೆ. ಅವರಲ್ಲಿ ವಯಸ್ಸಾದವರು, ಮಕ್ಕಳು ಇರುತ್ತಾರೆ. ರಾತ್ರಿ ಹೊತ್ತು ಅವರು ಕಾಣುವುದೇ ಕಷ್ಟ. ಅವರ ಪಕ್ಕ ನಡೆಯುವ ವೇಗದಲ್ಲೇ ಹೋಗಿ. ಈ ದಾರಿ ಮೊದಲು ಅವರದು.

*ಬಸ್ಸು, ಲಾರಿ:* ಹೇರ್‌ಪಿನ್ ತಿರುವಿನಲ್ಲಿ ಬಸ್ಸಿಗೆ ಇಡೀ ರಸ್ತೆ ಬೇಕಾಗುತ್ತದೆ. ಅದರ ಮುಂಭಾಗ ಹೊರಗೆ ಹೋದರೂ ಹಿಂದಿನ ಚಕ್ರ ಒಳಕ್ಕೆ ಕತ್ತರಿಸಿಕೊಂಡು ಬರುತ್ತದೆ. ಒಳಗಡೆ ಜಾಗ ಇದೆಯಲ್ಲ ಅಂತ ನುಗ್ಗಿದ ಬೈಕು ಚಕ್ರಕ್ಕೂ ಬಂಡೆಗೂ ನಡುವೆ ಸಿಕ್ಕಿಕೊಳ್ಳುತ್ತದೆ. ಬಸ್ಸು ಪೂರ್ತಿ ತಿರುಗುವ ತನಕ ಹಿಂದೆಯೇ ನಿಲ್ಲಿ. ರಸ್ತೆ ಇಕ್ಕಟ್ಟಾದ ಕಡೆ ಇಳಿಯುವವರು ನಿಂತು ಹತ್ತುವವರಿಗೆ ದಾರಿ ಬಿಡಬೇಕು. ಇದು ಬರೀ ಮರ್ಯಾದೆಯ ಮಾತಲ್ಲ, ನಮ್ಮ ದೇಶದ ರಸ್ತೆ ನಿಯಮ.

*ಕಾಡುಪ್ರಾಣಿಗಳು:* ಈ ಕಾಡು 2013ರಿಂದ ವನ್ಯಜೀವಿಧಾಮ. ಆನೆ ಕಂಡರೆ ದೂರದಲ್ಲೇ ನಿಲ್ಲಿ. ಹಾರ್ನ್ ಹೊಡೆಯುವುದು, ಫೋಟೋ ತೆಗೆಯಲು ಹತ್ತಿರ ಹೋಗುವುದು ಬೇಡ. ಕೋತಿಗಳಿಗೆ ತಿಂಡಿ ಎಸೆದರೆ ಅವು ರಸ್ತೆಗೇ ಬಂದು ಕೂರುತ್ತವೆ, ಹಿಂದೆ ಬರುವ ಬೈಕಿನವರು ಬೀಳುತ್ತಾರೆ. ಕತ್ತಲಾದ ಮೇಲೆ ಘಾಟಿ ಇಳಿಯುವ ಯೋಚನೆ ಬಿಟ್ಟು ಬೆಟ್ಟದಲ್ಲೇ ತಂಗಿ.

7. ಹಿಂದೆ ಕುಳಿತವರಿಗೆ

ತಾಯಂದಿರೇ, ಅಕ್ಕತಂಗಿಯರೇ, ಘಾಟಿಯಲ್ಲಿ ಒಂದೇ ಕಡೆ ಕಾಲು ಹಾಕಿ ಕೂರುವುದಕ್ಕಿಂತ ಎರಡು ಕಡೆ ಕಾಲು ಹಾಕಿ ಕೂರುವುದು ಕ್ಷೇಮ. ಸೀರೆಯ ಸೆರಗು, ದುಪಟ್ಟಾ, ಗಂಡಸರ ಟವೆಲ್ಲು, ಪಂಚೆಯ ಅಂಚು ಚಕ್ರಕ್ಕೆ ಸಿಗದಂತೆ ಬಿಗಿಯಾಗಿ ಸಿಕ್ಕಿಸಿಕೊಳ್ಳಿ. ಸವಾರನ ಸೊಂಟ ಹಿಡಿದು ಹತ್ತಿರ ಕೂರಿ. ಬೈಕು ವಾಲಿದ ಕಡೆಗೇ ನೀವೂ ವಾಲಿ. ಹೆದರಿ ಇನ್ನೊಂದು ಕಡೆಗೆ ಎಳೆದರೆ ಬೈಕು ತಿರುಗುವುದಿಲ್ಲ. ಇಳಿಜಾರಿನಲ್ಲಿ ಮುಂದಕ್ಕೆ ಜಾರದಂತೆ ಕಾಲೂರಿ ಕೂರಿ. ವೇಗ ಹೆಚ್ಚಾಯಿತು ಅನ್ನಿಸಿದರೆ “ನಿಧಾನ ಹೋಗಿ” ಅಂತ ಹೇಳಲು ಸಂಕೋಚ ಬೇಡ. ಹಾಗೆ ಹೇಳಿಸಿಕೊಂಡ ಸವಾರ ಸಿಟ್ಟು ಮಾಡಿಕೊಳ್ಳಬಾರದು.

8. ದರ್ಶನ ಮುಗಿಸಿ ಹೊರಟಾಗ

ಮುಡಿ ಕೊಟ್ಟವರು ಇದನ್ನು ಗಮನಿಸಿ: ಕೂದಲು ಹೋದ ಮೇಲೆ ಬಂದಾಗ ಸರಿಯಾಗಿದ್ದ ಹೆಲ್ಮೆಟ್ ಸಡಿಲವಾಗುತ್ತದೆ. ತಲೆಗೆ ಒಂದು ಬಟ್ಟೆ ಒಪ್ಪವಾಗಿ ಕಟ್ಟಿ, ಪಟ್ಟಿಯನ್ನು ಮತ್ತೆ ಬಿಗಿ ಮಾಡಿಕೊಳ್ಳಿ. ಅಲುಗಾಡುವ ಹೆಲ್ಮೆಟ್ ಬಿದ್ದಾಗ ತಲೆ ಬಿಟ್ಟು ಹಾರಿ ಹೋಗುತ್ತದೆ.

ಉಪವಾಸ ಇದ್ದವರು ಹಸಿದ ಹೊಟ್ಟೆಯಲ್ಲೇ ಇಳಿಯಬೇಡಿ. ದಾಸೋಹದಲ್ಲಿ ಊಟ ಮಾಡಿದವರು ಉಂಡ ಕೈ ತೊಳೆದು ಹಾಗೇ ಬೈಕ್ ಹತ್ತಬೇಡಿ, ಸ್ವಲ್ಪ ಹೊತ್ತು ಒರಗಿ. ರಾತ್ರಿಯೆಲ್ಲ ಜಾಗರಣೆ ಮಾಡಿದವರು ನಿದ್ದೆ ಮಾಡಿಯೇ ಹೊರಡಿ. ಮಳೆ ಶುರುವಾದ ಮೊದಲ ಹೊತ್ತಿನಲ್ಲಿ ರಸ್ತೆಯ ಧೂಳು, ಎಣ್ಣೆ ಎದ್ದು ತುಂಬಾ ಜಾರುತ್ತದೆ, ಬಿಳಿ ಬಣ್ಣದ ಪಟ್ಟೆಗಳೂ ಜಾರುತ್ತವೆ. ಮಂಜು ಕವಿದರೆ ದೀಪವನ್ನು ಡಿಮ್ಮಿನಲ್ಲಿಡಿ. ಹೈ ಬೀಮಿನ ಬೆಳಕು ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ರಾಚುತ್ತದೆ.

ಯಾರಾದರೂ ಬಿದ್ದಿದ್ದು ಕಂಡರೆ ದಾಟಿ ಹೋಗಬೇಡಿ. ಮೊದಲು ತಿರುವಿನ ಈಚೆ ಒಬ್ಬರನ್ನು ನಿಲ್ಲಿಸಿ ಬರುವ ವಾಹನಗಳಿಗೆ ಕೈ ತೋರಿಸಿ. 108 ಅಥವಾ 112ಕ್ಕೆ ಫೋನ್ ಮಾಡಿ. ಸಿಗ್ನಲ್ ಸಿಗದಿದ್ದರೆ ಮುಂದೆ ಹೋಗುವ ಬಸ್ಸಿನವರಿಗೆ ಹೇಳಿ ಕಳಿಸಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬಾರದು. ಸಹಾಯ ಮಾಡಿದವರಿಗೆ ತೊಂದರೆ ಆಗದಂತೆ 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ರಕ್ಷಣೆ ಕೊಟ್ಟಿದೆ.

ಹೊರಡುವ ಮುಂಚೆ ನಿಮ್ಮನ್ನು ನೀವೇ ಕೇಳಿಕೊಳ್ಳಿ

ಇಬ್ಬರ ಹೆಲ್ಮೆಟ್ ಪಟ್ಟಿಯೂ ಬಿಗಿಯಾಗಿದೆಯೇ?
ಎರಡೂ ಬ್ರೇಕ್ ಸರಿಯಾಗಿ ಹಿಡಿಯುತ್ತಿವೆಯೇ?
ಹ್ಯಾಂಡಲ್ಲಿಗೆ ಏನಾದರೂ ನೇತುಹಾಕಿದ್ದೇನೆಯೇ?
ಹೊಟ್ಟೆಗೆ ಊಟ, ಕಣ್ಣಿಗೆ ನಿದ್ದೆ ಆಗಿದೆಯೇ?
ಕತ್ತಲಾಗುವುದರೊಳಗೆ ತಾಳಬೆಟ್ಟ ದಾಟುತ್ತೇನೆಯೇ?

ಐದಕ್ಕೂ ಸರಿಯಾದ ಉತ್ತರ ಇದ್ದರೆ ಎರಡನೇ ಗೇರಿನಲ್ಲಿ ನಿಧಾನಕ್ಕೆ ಇಳಿಯಿರಿ. ಅರ್ಧ ಗಂಟೆ ತಡವಾದರೆ ಮನೆಯವರು ಕಾಯುತ್ತಾರೆ. ಸುಖವಾಗಿ ಊರು ಸೇರಿ, ಬರುವ ವರ್ಷ ಮತ್ತೆ ಬನ್ನಿ. ನಿಮ್ಮ ಪ್ರಯಾಣ ಶುಭವಾಗಲಿ.